ಮೈದಾನವನ್ನು ಮಕ್ಕಳಿಂದ ಕಾಪಾಡಿದ್ದಕ್ಕೆ ವಂದನೆಗಳು

ಗೆ,
ಮಾನ್ಯ ಕಾರ್ಯಪಾಲಕ ಅಭಿಯಂತರರು,
ಉದ್ಯಾನ ಮತ್ತು ಆಟದ ಮೈದಾನಗಳ ನವೀಕರಣದ ಹೊಣೆ ಹೊತ್ತವರು,
ಐದು ಪಾಲಿಕೆಗಳಲ್ಲಿ ನಮ್ಮ ಪಾಲಿಗೆ ಬಂದ ಪಾಲಿಕೆ,
ಬೆಂಗಳೂರು.

ವಿಷಯ: ನಮ್ಮ ಬಡಾವಣೆಯ ಆಟದ ಮೈದಾನದ ನವೀಕರಣ ಕಾಮಗಾರಿ ಸಂಪೂರ್ಣ ಯಶಸ್ವಿಯಾಗಿರುವ ಬಗ್ಗೆ.
ಉಲ್ಲೇಖ: ಗೇಟಿನ ಪಕ್ಕದ ಗ್ರಾನೈಟ್ ಫಲಕ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಇದು ದೂರಿನ ಪತ್ರವಲ್ಲ, ಗಾಬರಿಯಾಗಬೇಡಿ. ಆಸ್ತಿ ತೆರಿಗೆಯನ್ನು ಶೇ 5ರ ರಿಯಾಯಿತಿ ಮುಗಿಯುವ ಮೊದಲೇ ಕಟ್ಟಿ ರಸೀದಿ ಜೋಪಾನ ಮಾಡುವ ನಾಗರಿಕನೊಬ್ಬ ಬರೆಯುತ್ತಿರುವ ಕೃತಜ್ಞತಾ ಪತ್ರ. ಬಹಿರಂಗವಾಗಿ ಏಕೆ ಎಂದರೆ, ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟ ಪತ್ರಕ್ಕೆ ಮೊಹರು ಬೀಳುತ್ತದೆ, ಉತ್ತರ ಬರುವುದಿಲ್ಲ. ಹೊಗಳಿಕೆಗಾದರೂ ನಾಲ್ಕು ಜನ ಓದುಗರಿರಲಿ ಎಂದು ಈ ದಾರಿ ಹಿಡಿದೆ.

ನವೀಕರಣಕ್ಕೆ ಮೊದಲು ನಮ್ಮ ಮೈದಾನ ಎಷ್ಟು ನಾಚಿಕೆಗೇಡಿನ ಸ್ಥಿತಿಯಲ್ಲಿತ್ತೆಂಬುದು ತಮಗೆ ನೆನಪಿರಬಹುದು. ಸುಮಾರು ಒಂದು ಎಕರೆ ಜಾಗ, ಅದರಲ್ಲಿ ಏನೂ ಇರಲಿಲ್ಲ. ಕೆಂಪು ಮಣ್ಣು, ಮೂಲೆಯಲ್ಲೊಂದು ಹೊಂಗೆಮರ, ಪಕ್ಕದ ಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಚಿದ ಮೂರು ಗೀಟಿನ ವಿಕೆಟ್ಟು. ಏನೂ ಇಲ್ಲದ ಆ ಜಾಗದಲ್ಲಿ ಹೇಳದೆ ಕೇಳದೆ ಏನೇನೋ ನಡೆಯುತ್ತಿತ್ತು. ಬೆಳಿಗ್ಗೆ ನಿವೃತ್ತರು ತಲೆಗೆ ಮಫ್ಲರ್ ಸುತ್ತಿಕೊಂಡು ಸುತ್ತು ಹಾಕುತ್ತಿದ್ದರು. ಮಧ್ಯಾಹ್ನ ಇಸ್ತ್ರಿಯವನ ಗಾಡಿ, ಸೊಪ್ಪಿನವಳ ಬುಟ್ಟಿ ಹೊಂಗೆಯ ನೆರಳಿಗೆ ಬರುತ್ತಿದ್ದವು. ಸಂಜೆ ನಾಲ್ಕು ಕ್ರಿಕೆಟ್ ಪಂದ್ಯಗಳು ಒಂದರ ಮೇಲೊಂದು ಹಾಸಿಕೊಂಡು ಏಕಕಾಲಕ್ಕೆ ನಡೆಯುತ್ತಿದ್ದವು. ಒಂದು ಪಂದ್ಯದ ಫೀಲ್ಡರನ ಕಾಲಿಗೆ ಇನ್ನೊಂದು ಪಂದ್ಯದ ಚೆಂಡು ಬಡಿಯುತ್ತಿತ್ತು. ನಡುವೆ ಲಗೋರಿಯ ಕಲ್ಲುಗಳು. ಭಾದ್ರಪದದಲ್ಲಿ ಗಣೇಶನ ಪೆಂಡಾಲು. ನವೆಂಬರ್ ಒಂದಕ್ಕೆ ಶುರುವಾಗಬೇಕಾದ ರಾಜ್ಯೋತ್ಸವದ ಆರ್ಕೆಸ್ಟ್ರಾ ಎಂದಿನಂತೆ ಸಂಕ್ರಾಂತಿಯ ಆಸುಪಾಸಿಗೆ. ಇಷ್ಟಕ್ಕೂ ಒಂದು ಪರವಾನಗಿಯಿಲ್ಲ, ಒಂದು ಫಲಕವಿಲ್ಲ, ಒಂದು ಉದ್ಘಾಟನೆಯಿಲ್ಲ. ಸಾರ್ವಜನಿಕ ಆಸ್ತಿಯನ್ನು ಸಾರ್ವಜನಿಕರು ಹೀಗೆ ಮನಬಂದಂತೆ ಬಳಸುವುದನ್ನು ಜವಾಬ್ದಾರಿಯುತ ಆಡಳಿತ ಎಷ್ಟು ದಿನ ಸಹಿಸಬೇಕು?

ತಾವು ಸಹಿಸಲಿಲ್ಲ. ಗುದ್ದಲಿ ಪೂಜೆ ಆಯಿತು. ಸುತ್ತ ಗೋಡೆ, ಗೋಡೆಯ ಮೇಲೆ ಈಟಿಯ ಮೊನೆಯ ಗ್ರಿಲ್, ಮುಂದೆ ಕಮಾನು, ಕಮಾನಿಗೆ ಕಬ್ಬಿಣದ ಗೇಟು ಬಂದವು. ಒಳಗೆ ಇಂಟರ್‌ಲಾಕ್ ಕಲ್ಲಿನ ನಡಿಗೆ ಪಥ, ಅದರ ಎರಡೂ ಬದಿಗೆ ಬೇಲಿಗಿಡ, ನಟ್ಟನಡುವೆ ಮೆಕ್ಸಿಕನ್ ಹುಲ್ಲಿನ ಹಾಸು, ಹಾಸಿನ ನಡುವೆ ಕಾರಂಜಿ, ಕಾರಂಜಿಯ ಪಕ್ಕ ಮಂಟಪ, ಮಂಟಪದ ಹಿಂದೆ ತೆರೆದ ಜಿಮ್, ಅದರ ಹಿಂದೆ ಪಂಪಿನ ಮನೆ ಮತ್ತು ಕಾವಲುಗಾರರ ಕೊಠಡಿ. ಉಳಿದ ಮೂಲೆಯಲ್ಲಿ ರಬ್ಬರ್ ಚಾಪೆಯ ಮೇಲೆ ಒಂದು ಜಾರುಬಂಡೆ, ಎರಡು ಉಯ್ಯಾಲೆ, ಒಂದು ಏತಪಾತ. ಆ ಮೂಲೆಗೆ ‘ಮಕ್ಕಳ ವಲಯ’ ಎಂದು ಹೆಸರು. ಆಟದ ಮೈದಾನದಲ್ಲಿ ಮಕ್ಕಳಿಗೂ ಒಂದು ವಲಯ ಮೀಸಲಿಟ್ಟ ತಮ್ಮ ಔದಾರ್ಯಕ್ಕೆ ಬಡಾವಣೆ ಋಣಿಯಾಗಿದೆ.

ಲೆಕ್ಕದಲ್ಲಿ ನನಗೆ ಮೊದಲಿನಿಂದಲೂ ಆಸಕ್ತಿ. ಆದ್ದರಿಂದ ಒಂದು ಲೆಕ್ಕ ಮಾಡಿ ನೋಡಿದೆ. ಚೌಕಾಕಾರದ ಒಂದು ಎಕರೆ ಅಂದರೆ ಪ್ರತಿ ಬದಿಗೆ ಸುಮಾರು 209 ಅಡಿ. ಅದರ ಅಂಚಿಗೆ ಎಂಟು ಅಡಿ ಅಗಲದ ನಡಿಗೆ ಪಥ ಹಾಕಿದರೆ 43,560 ಚದರ ಅಡಿಯಲ್ಲಿ ಸುಮಾರು 6,400 ಚದರ ಅಡಿ ಅದಕ್ಕೇ ಹೋಗುತ್ತದೆ, ಹೆಚ್ಚುಕಡಿಮೆ ಶೇ 15. ಈ ಶೇ 15 ಎಂಬ ಅಂಕಿ ತಮಗೆ ಪರಿಚಿತವೇ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯ್ದೆಯ ಪ್ರಕಾರ ಹೊಸ ಬಡಾವಣೆಯ ಒಟ್ಟು ವಿಸ್ತೀರ್ಣದಲ್ಲಿ ಕನಿಷ್ಠ ಶೇ 15ರಷ್ಟು ಉದ್ಯಾನ ಮತ್ತು ಆಟದ ಮೈದಾನಗಳಿಗೆ, ಇನ್ನೂ ಶೇ 10ರಷ್ಟು ನಾಗರಿಕ ಸೌಲಭ್ಯಗಳಿಗೆ ಮೀಸಲು. ಅಂದರೆ ಬಡಾವಣೆಯಲ್ಲಿ ಆಟಕ್ಕೆ ಎಷ್ಟು ಪಾಲು ಬಿಡಬೇಕೆಂದು ಕಾನೂನು ಹೇಳಿತೋ, ಆಟದ ಜಾಗದಲ್ಲಿ ಅಷ್ಟೇ ಪಾಲನ್ನು ನಮ್ಮಂಥವರ ಹೊಟ್ಟೆ ಕರಗಿಸುವುದಕ್ಕೆ ತಾವು ಬಿಟ್ಟಿದ್ದೀರಿ. ಇಂಥ ಸಮತೋಲನ ಆಕಸ್ಮಿಕವಾಗಿ ಬರುವುದಿಲ್ಲ.

ಇನ್ನು ಫಲಕಗಳು. ಒಂದರಲ್ಲಿ ‘ಹುಲ್ಲಿನ ಮೇಲೆ ನಡೆಯಬಾರದು’ ಎಂದಿದೆ. ಇನ್ನೊಂದರಲ್ಲಿ ‘ಚೆಂಡಾಟ ನಿಷೇಧಿಸಲಾಗಿದೆ’. ಮಕ್ಕಳ ವಲಯದ ಮುಂದೆ ‘12 ವರ್ಷದೊಳಗಿನವರಿಗೆ ಮಾತ್ರ’. ಜಿಮ್ಮಿನ ಮುಂದೆ ‘ಮಕ್ಕಳು ಉಪಕರಣಗಳನ್ನು ಮುಟ್ಟಬಾರದು’. ಈ ನಾಲ್ಕನ್ನೂ ಒಟ್ಟಿಗೆ ಓದಿದರೆ, ಹದಿಮೂರು ತುಂಬಿದ ಹುಡುಗ ನಮ್ಮ ಮೈದಾನದಲ್ಲಿ ಕಾನೂನುಬದ್ಧವಾಗಿ ಮಾಡಬಹುದಾದದ್ದು ಒಂದೇ: ಕಲ್ಲುಬೆಂಚಿನ ಮೇಲೆ ಕೂತು ಮೊಬೈಲ್ ನೋಡುವುದು. ಅವನು ಅದನ್ನೇ ಮಾಡುತ್ತಾನೆ. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ ಹಿರಿಯರು ‘ಈ ಕಾಲದ ಹುಡುಗರಿಗೆ ಮೊಬೈಲ್ ಬಿಟ್ಟರೆ ಬೇರೆ ಲೋಕವೇ ಇಲ್ಲ’ ಎಂದು ಮರುಗುತ್ತಾರೆ. ಆಡಲೇಬೇಕು ಎನ್ನುವ ಹಟಮಾರಿಗಳಿಗೆ ಬಲೆ ಕಟ್ಟಿದ ಖಾಸಗಿ ಟರ್ಫ್‌ಗಳಿವೆ. ಗಂಟೆಯ ಲೆಕ್ಕದಲ್ಲಿ ಬಾಡಿಗೆ, ಮುಂಗಡ ಬುಕಿಂಗ್, ಪ್ಲಾಸ್ಟಿಕ್ ಹುಲ್ಲು. ಹತ್ತು ಹುಡುಗರು ಪಾಕೆಟ್ ಮನಿ ಒಟ್ಟು ಮಾಡಿ ಒಂದು ಗಂಟೆ ಬಾಲ್ಯ ಖರೀದಿಸುತ್ತಾರೆ. ಖಾಸಗಿ ಉದ್ಯಮಕ್ಕೆ ಪಾಲಿಕೆ ಇಷ್ಟು ಸದ್ದಿಲ್ಲದೆ ನೆರವಾದ ಇನ್ನೊಂದು ಉದಾಹರಣೆ ನನಗೆ ಹೊಳೆಯುತ್ತಿಲ್ಲ.

ಸಮಯದ ವಿಷಯದಲ್ಲೂ ತಮ್ಮ ಸಿಬ್ಬಂದಿ ಕಟ್ಟುನಿಟ್ಟು. ನಗರದ ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೂ ತೆರೆದಿಡಬೇಕೆಂದು 2024ರ ಜೂನಿನಲ್ಲಿ ಸರ್ಕಾರ ಪ್ರಕಟಿಸಿದಾಗ ನಾವು ಕಂಗಾಲಾಗಿದ್ದೆವು. ಮಧ್ಯಾಹ್ನದ ಬಿಸಿಲಿನಲ್ಲಿ ಡೆಲಿವರಿ ಹುಡುಗರು, ಕಟ್ಟಡದ ಕೂಲಿಯವರು, ಮನೆಗೆಲಸದ ಹೆಂಗಸರು ಒಳಗೆ ಬಂದು ಮರದ ಕೆಳಗೆ ಕೂತುಬಿಟ್ಟರೆ ಬಡಾವಣೆಯ ಗೌರವವೇನಾಗಬೇಕು? ಅದೃಷ್ಟಕ್ಕೆ ಆ ಪ್ರಕಟಣೆ ನಮ್ಮ ಗೇಟಿನ ಬೀಗದವರೆಗೆ ಬಂದು ತಲುಪಿಲ್ಲ.

ನಮ್ಮ ವಠಾರದ ಕೆಲವರು, ಓದಿಕೊಂಡವರೇ, ಒಂದು ಪ್ರಶ್ನೆ ಎತ್ತುತ್ತಾರೆ. ಇದ್ದ ಮೈದಾನಕ್ಕೆ ಆಗಾಗ ಮಣ್ಣು ಸಮ ಮಾಡಿಸಿ, ಕಸ ಗುಡಿಸಿ, ಒಂದು ಕುಡಿಯುವ ನೀರಿನ ನಲ್ಲಿ, ಒಂದು ಶೌಚಾಲಯ, ನಾಲ್ಕು ದೀಪ ಹಾಕಿಸಿದ್ದರೆ ಸಾಕಾಗುತ್ತಿರಲಿಲ್ಲವೇ ಎಂದು. ಅವರಿಗೆ ಸರ್ಕಾರಿ ಹಣದ ಸ್ವಭಾವ ಗೊತ್ತಿಲ್ಲ. ಖಾಲಿ ಜಾಗಕ್ಕೆ ಬಿಲ್ ಮಾಡಲು ಬರುವುದಿಲ್ಲ. ಮಣ್ಣಿಗೆ ಚದರ ಅಡಿಯ ದರವಿಲ್ಲ, ಇಂಟರ್‌ಲಾಕ್ ಕಲ್ಲಿಗಿದೆ. ಆಟವನ್ನು ಅಳತೆ ಪುಸ್ತಕದಲ್ಲಿ ಬರೆಯಲಾಗದು, ಗ್ರಿಲ್ಲನ್ನು ಬರೆಯಬಹುದು. ಕಾಮಗಾರಿ ಎಂದರೆ ಅಂದಾಜು ಪಟ್ಟಿ, ಟೆಂಡರು, ಪೂಜೆ, ಲೋಕಾರ್ಪಣೆ, ಫೋಟೊ. ನಿರ್ವಹಣೆ ಎಂದರೆ ಬೆಳಿಗ್ಗೆದ್ದು ಪೊರಕೆ ಹಿಡಿಯುವ ಒಬ್ಬ ಮನುಷ್ಯ ಮತ್ತು ಅವನ ತಿಂಗಳ ಸಂಬಳ. ಅದರ ಮುಂದೆ ಯಾರು ರಿಬ್ಬನ್ ಕತ್ತರಿಸುತ್ತಾರೆ? ಹಾಗಾಗಿ ಉಯ್ಯಾಲೆಯ ಸರಪಳಿ ಕಿತ್ತುಹೋದರೆ ಹೊಸ ಕೊಂಡಿ ಬರುವುದಿಲ್ಲ, ಮೂರ್ನಾಲ್ಕು ವರ್ಷ ಬಿಟ್ಟು ಹೊಸ ನವೀಕರಣವೇ ಬರುತ್ತದೆ. ಸದ್ಯ ನಮ್ಮ ಎರಡು ಉಯ್ಯಾಲೆಗಳಲ್ಲಿ ಒಂದಕ್ಕೆ ಸರಪಳಿ ಇಲ್ಲ, ಇನ್ನೊಂದಕ್ಕೆ ಹಲಗೆ ಇಲ್ಲ. ಮಕ್ಕಳು ಜಿಮ್ಮಿನ ಉಪಕರಣದಲ್ಲಿ ಜೋತಾಡುತ್ತಾರೆ. ಮುಂದಿನ ಅಂದಾಜು ಪಟ್ಟಿಗೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಸಿಗಲಾರದು.

ಜನಪ್ರತಿನಿಧಿಗಳ ಕಾಟವೂ ಈಚಿನ ವರ್ಷಗಳಲ್ಲಿ ತಮಗೆ ಕಡಿಮೆಯಿತ್ತು. 2015ರಲ್ಲಿ ಆಯ್ಕೆಯಾದ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯ ಸುಳಿವಿರಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಬೃಹತ್ ಪಾಲಿಕೆ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳು ಹುಟ್ಟಿದವು. ಮೊದಲು ‘ಉಯ್ಯಾಲೆ ಮುರಿದಿದೆ’ ಎಂದು ಹೇಳಲು ಕಾರ್ಪೊರೇಟರ ಮನೆಯ ಬಾಗಿಲಾದರೂ ಇತ್ತು. ಬೆಳಿಗ್ಗೆ ಏಳಕ್ಕೆ ಹೋದರೆ ಕಾಫಿ ಕೊಟ್ಟು, ಮಾಡಿಸೋಣ ಎಂದು ಹೇಳಿ ಕಳಿಸುತ್ತಿದ್ದರು. ಮಾಡಿಸದಿದ್ದರೂ ಮುಂದಿನ ಚುನಾವಣೆಯಲ್ಲಿ ಅವರ ಮುಖ ನೋಡಿ ಹೇಳುವ ಸುಖವಿತ್ತು. ಬಾಗಿಲೇ ಇಲ್ಲದ ಕಾಲದಲ್ಲಿ ತಾವು ಒಬ್ಬರೇ ಎಲ್ಲವನ್ನೂ ನಿರ್ಧರಿಸಬೇಕಾಯಿತು. ಆ ಹೊರೆಯನ್ನು ಎಷ್ಟು ಹಗುರವಾಗಿ ಹೊತ್ತಿರಿ!

ಇದೆಲ್ಲ ತಮ್ಮಿಂದಲೇ ಶುರುವಾಯಿತೆಂದು ಯಾರೂ ತಪ್ಪು ತಿಳಿಯಬಾರದು. ತಾವು ಒಂದು ದೊಡ್ಡ ಪರಂಪರೆಯ ವಾರಸುದಾರರು. ಕೆಂಪೇಗೌಡರ ಕಾಲದ್ದೆಂದು ಹೇಳುವ ಧರ್ಮಾಂಬುಧಿ ಕೆರೆ ಬತ್ತಿ ಸುಭಾಷ್‌ನಗರ ಮೈದಾನವಾಯಿತು. ಆ ಮೈದಾನ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಕರಗದ ವಿಧಿಗೆಂದು ಒಂದು ಪುಟ್ಟ ಹೊಂಡವನ್ನು ಮಾತ್ರ ಉಳಿಸಿಕೊಂಡರು. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಕ್ರೀಡಾಂಗಣವಾಯಿತು. ಕೋರಮಂಗಲದ ಶಿನಿವಾಗಿಲು ಕೆರೆಯ ಜಾಗದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟದ ಹೆಸರಿನ ವಸತಿ ಸಮುಚ್ಚಯ ಬಂತು. ಕೆರೆ ಖಾಲಿಯಾದರೆ ಮೈದಾನ, ಮೈದಾನ ಖಾಲಿ ಕಂಡರೆ ಕಟ್ಟಡ ಎಂಬುದು ಈ ಊರಿನ ಜಲಚಕ್ರ. ಆಟಕ್ಕಾಗಿ ಕೆರೆಗಳನ್ನು ಕೊಟ್ಟ ಊರಿನಲ್ಲಿ ಕಮಾನಿಗಾಗಿ ಆಟವನ್ನು ಕೊಡುವುದು ದೊಡ್ಡ ಮಾತಲ್ಲ.

ಆದರೂ ತಮ್ಮ ಹಿಂದಿನವರಿಗಿಂತ ತಾವು ಜಾಣರು. ಅವರು ಜಾಗವನ್ನು ಬೇರೆಯವರಿಗೆ ಕೊಡಲು ಹೋಗಿ ಸಿಕ್ಕಿಬಿದ್ದರು. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ಟ್ರಸ್ಟ್ ಒಂದಕ್ಕೆ ಆಸ್ಪತ್ರೆ ಕಟ್ಟಲು ಕೊಟ್ಟಾಗ, ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. 1991ರಲ್ಲಿ ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರ ನಿಂತಿತು. ಉದ್ಯಾನಕ್ಕೆ ಮೀಸಲಾದ ನೆಲವನ್ನು ಮುಖ್ಯಮಂತ್ರಿಯ ಸೂಚನೆ ಇದ್ದರೂ ಬೇರೆ ಉದ್ದೇಶಕ್ಕೆ ಕೊಡಲಾಗದು ಎಂದಿತು. ಅದನ್ನು ಪ್ರಶ್ನಿಸುವ ಹಕ್ಕು ಅಕ್ಕಪಕ್ಕದ ನಿವಾಸಿಗಳಿಗಿದೆ ಎಂದೂ ಹೇಳಿತು. ಅಷ್ಟರಲ್ಲಿ ರಾಜ್ಯದಲ್ಲೇ 1985ರ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಸ್ಥಳಗಳ ಸಂರಕ್ಷಣಾ ಕಾಯ್ದೆ ಬಂದಿತ್ತು. ಅಲ್ಲಿಂದಾಚೆಗೆ ಮೈದಾನವನ್ನು ಮಾರುವುದು ಕಷ್ಟವಾಯಿತು.

ತಮ್ಮ ಪ್ರತಿಭೆ ಹೊಳೆದದ್ದು ಇಲ್ಲಿಯೇ. ಮಾರಿದರೆ ಕಾನೂನು ಹಿಡಿಯುತ್ತದೆ, ಸಿಂಗರಿಸಿದರೆ ಯಾರೂ ಹಿಡಿಯುವುದಿಲ್ಲ. ಆಟದ ಮೈದಾನವನ್ನು ಆಸ್ಪತ್ರೆ ಮಾಡುವುದು ಅಪರಾಧ. ಆಟವಾಡಲಾಗದ ಆಟದ ಮೈದಾನ ಮಾಡುವುದು ಅಭಿವೃದ್ಧಿ. ದಾಖಲೆಯಲ್ಲಿ ಜಾಗ ಇಂದಿಗೂ ಮೈದಾನವೇ, ವಿಸ್ತೀರ್ಣ ಒಂದು ಚದರ ಅಡಿಯೂ ಕಡಿಮೆಯಾಗಿಲ್ಲ. ನಾವು ಯಾವ ನ್ಯಾಯಾಲಯಕ್ಕೆ ಹೋಗಿ ‘ಸ್ವಾಮೀ, ನಮ್ಮ ಮೈದಾನವನ್ನು ಚೆಂದ ಮಾಡಿಬಿಟ್ಟಿದ್ದಾರೆ’ ಎಂದು ಅಳೋಣ?

ಹುಲ್ಲುಹಾಸಿನ ಬಗ್ಗೆ ಎರಡು ಮಾತು. ಹಳೆಯ ಕೆಂಪು ಮಣ್ಣು ಮಳೆ ಬಂದರೆ ನೀರು ಕುಡಿಯುತ್ತಿತ್ತು, ಬಿಸಿಲು ಬಂದರೆ ಏನನ್ನೂ ಕೇಳುತ್ತಿರಲಿಲ್ಲ. ಹೊಸ ಹುಲ್ಲಿಗೆ ದಿನವೂ ನೀರು ಬೇಕು. 2024ರ ಬೇಸಿಗೆಯಲ್ಲಿ ಊರಿನ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರುಗಳ ದರ್ಬಾರು ನಡೆದಾಗ, ಕುಡಿಯುವ ನೀರನ್ನು ಕೈತೋಟಕ್ಕೆ, ಕಾರಂಜಿಗೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತ್ತು. ನಮ್ಮ ಕಾರಂಜಿ ಶಿಸ್ತಿನದು. ಆ ಆದೇಶಕ್ಕೆ ಮೊದಲೇ ನಿಂತಿತ್ತು, ಆಮೇಲೂ ಹರಿದಿಲ್ಲ. ಮಳೆಗಾಲದಲ್ಲಿ ಮಾತ್ರ ಇಂಟರ್‌ಲಾಕ್ ಕಲ್ಲಿನ ಮೇಲಿನಿಂದ ನೀರು ಜಾರಿ ಗೇಟಿನಾಚೆ ರಸ್ತೆಗೆ ಹೋಗುತ್ತದೆ. ನೆಲಕ್ಕೆ ಇಳಿಯಬೇಕಿದ್ದ ನೀರನ್ನು ಮೋರಿಗೆ ಕಳಿಸಿ, ಹುಲ್ಲಿಗೆ ಬೇಕಾದ ನೀರನ್ನು ಟ್ಯಾಂಕರಿನಲ್ಲಿ ತರಿಸುವ ಈ ವ್ಯವಸ್ಥೆಯಿಂದ ಎಷ್ಟು ಕುಟುಂಬಗಳು ಬದುಕುತ್ತಿವೆ ಎಂಬುದನ್ನು ಟೀಕಾಕಾರರು ಯೋಚಿಸಬೇಕು. ಹೊಂಗೆಮರದ ಬುಡಕ್ಕೂ ಕಾಂಡ ತಾಕುವಂತೆ ಕಲ್ಲು ಕೂರಿಸಿದ್ದೀರಿ. ಮರಗಳ ಸುತ್ತ ಒಂದು ಮೀಟರಿನಷ್ಟು ಕಾಂಕ್ರೀಟ್ ತೆಗೆಯಿರಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಹೇಳಿದ್ದು ದೆಹಲಿಯ ಮರಗಳ ವಿಷಯದಲ್ಲಿ. ನಮ್ಮದು ಕನ್ನಡ ನಾಡಿನ ಹೊಂಗೆ, ಅದಕ್ಕೆ ಅನ್ವಯವಾಗುವುದಿಲ್ಲ ಎಂದು ತಾವು ಭಾವಿಸಿರಬಹುದು.

ಹಳೆಯ ಮೈದಾನವನ್ನು ಸ್ವರ್ಗವೆನ್ನುವವರನ್ನೂ ನಾನು ಒಪ್ಪುವುದಿಲ್ಲ. ಆ ನಾಲ್ಕು ಪಂದ್ಯಗಳಲ್ಲಿ ಒಂದರಲ್ಲೂ ಹೆಣ್ಣುಮಕ್ಕಳಿರಲಿಲ್ಲ. ಅವರಿಗೆ ಸಿಕ್ಕುತ್ತಿದ್ದದ್ದು ಅಂಚಿನಲ್ಲಿ ಕುಂಟೆಬಿಲ್ಲೆ ಆಡುವಷ್ಟು ಜಾಗ, ಅದೂ ಚೆಂಡು ಬಂದು ಬೀಳುವವರೆಗೆ. ಗಾಲಿಕುರ್ಚಿಯವರಿಗೆ ಒಳಗೆ ಬರಲು ದಾರಿ ಇರಲಿಲ್ಲ. ಮಳೆ ಬಂದರೆ ಮೊಣಕಾಲು ಕೆಸರು. ಕತ್ತಲಾದ ಮೇಲೆ ಒಂದೆರಡು ಬಾಟಲಿಗಳೂ ಬರುತ್ತಿದ್ದವು. ಅಜ್ಜಿಯರಿಗೆ ಎಡವದೆ ನಡೆಯುವ ಒಂದು ಪಥ ಬೇಕಿದ್ದದ್ದು ನಿಜ. ಹಾಗಾದರೆ ನವೀಕರಣವೇ ಬೇಡವೆಂದಲ್ಲ. ಅದನ್ನು ಬೇರೆ ಕಡೆ ಹೇಗೆ ಮಾಡಿದ್ದಾರೆಂದು ಓದಿದಾಗ ಮಾತ್ರ ಆ ಊರುಗಳ ಅಭಿಯಂತರರ ಬಗ್ಗೆ ಮರುಕ ಬರುತ್ತದೆ.

ಆಸ್ಟ್ರಿಯಾದ ವಿಯೆನ್ನಾದಲ್ಲಿ 1990ರ ದಶಕದಲ್ಲಿ ಪಾಲಿಕೆಯವರು ಮೊದಲು ಮಾಡಿದ್ದು ನೋಡುವ ಕೆಲಸ. ಒಂಬತ್ತು ಹತ್ತು ವರ್ಷ ದಾಟುತ್ತಿದ್ದಂತೆ ಹುಡುಗಿಯರು ಉದ್ಯಾನಗಳಿಂದ ಮರೆಯಾಗುತ್ತಿದ್ದಾರೆ, ಇರುವ ಒಂದೇ ಅಂಗಳವನ್ನು ಹುಡುಗರು ಹಿಡಿದುಕೊಳ್ಳುತ್ತಾರೆ ಎಂಬುದನ್ನು ಗಮನಿಸಿದರು. ಆಮೇಲೆ ಎರಡು ಉದ್ಯಾನಗಳಲ್ಲಿ ದೊಡ್ಡ ಅಂಗಳವನ್ನು ಹಲವು ಭಾಗ ಮಾಡಿ, ಒಳಹೋಗುವ ದಾರಿಗಳನ್ನು ಹೆಚ್ಚಿಸಿ ನೋಡಿದರು. ಹುಡುಗಿಯರು ಮರಳಿ ಬಂದರು. ನೆದರ್ಲೆಂಡಿನ ಆಮ್‌ಸ್ಟರ್‌ಡ್ಯಾಮಿನಲ್ಲಿ ಯುದ್ಧ ಮುಗಿದ ಮೇಲೆ, 1947ರಿಂದ ಮೂರು ದಶಕಗಳಲ್ಲಿ, ಆಲ್ಡೊ ವಾನ್ ಐಕ್ ಎಂಬ ವಾಸ್ತುಶಿಲ್ಪಿ ಪಾಲಿಕೆಗಾಗಿ 700ಕ್ಕೂ ಹೆಚ್ಚು ಆಟದಂಗಳಗಳನ್ನು ರೂಪಿಸಿದ. ಮನೆ ಬಿದ್ದು ಖಾಲಿಯಾದ ನಿವೇಶನ, ರಸ್ತೆ ಸೇರುವ ಮೂಲೆ, ಸಿಕ್ಕ ಸಿಕ್ಕ ತುಂಡು ನೆಲವೆಲ್ಲ ಅಂಗಳವಾಯಿತು. ಒಂದು ಮರಳುಗುಂಡಿ, ಹತ್ತಿ ಜೋತಾಡಲು ಕೆಲವು ಕಬ್ಬಿಣದ ಕಂಬಿ, ಹಾರಲು ಕಾಂಕ್ರೀಟಿನ ಗುಂಡುಕಲ್ಲು, ಅಮ್ಮಂದಿರಿಗೆ ಬೆಂಚು, ಅಷ್ಟೆ. ಬಹಳಷ್ಟಕ್ಕೆ ಬೇಲಿಯೂ ಇರಲಿಲ್ಲ. ಇನ್ನೂ ಸೋಜಿಗವೆಂದರೆ, ನಮ್ಮ ಬೀದಿಗೂ ಒಂದು ಬೇಕೆಂದು ಜನ ಪಾಲಿಕೆಗೆ ಪತ್ರ ಬರೆಯುತ್ತಿದ್ದರು, ಪಾಲಿಕೆ ಆ ಪತ್ರಗಳನ್ನು ಓದುತ್ತಿತ್ತು. ಕಮಾನಿಲ್ಲ, ಫಲಕವಿಲ್ಲ, ಮೇಲಾಗಿ ಪತ್ರ ಓದುವ ಕೆಲಸ! ಅಂಥ ಊರಿನಲ್ಲಿ ನೌಕರಿ ಮಾಡುವ ಶಿಕ್ಷೆ ತಮಗೆ ಬರದಿರಲಿ.

ಇಲ್ಲಿ ಸ್ವಲ್ಪ ಹೊತ್ತು ವಂದನೆಯನ್ನು ನಿಲ್ಲಿಸುತ್ತೇನೆ.

2024ರ ಸೆಪ್ಟೆಂಬರಿನಲ್ಲಿ, ಮಲ್ಲೇಶ್ವರದಲ್ಲಿ, ಪಾಲಿಕೆಯ ಆಟದ ಮೈದಾನಕ್ಕೆ ಆಡಲು ಹೋದ ಬಾಲಕನೊಬ್ಬನ ಮೇಲೆ ಅಲ್ಲಿನ ಕಬ್ಬಿಣದ ಗೇಟು ಬಿದ್ದು ಅವನು ಸತ್ತುಹೋದ. ಆ ದಿನ ಭಾನುವಾರ. ಇದರ ಬಗ್ಗೆ ವ್ಯಂಗ್ಯವಾಗಿ ಬರೆಯಲು ನನ್ನಿಂದಾಗದು. ಬೆಂಗಳೂರಿನಲ್ಲಿ ಸಾವಿರಕ್ಕೂ ಹೆಚ್ಚು ಉದ್ಯಾನಗಳಿವೆ, ಬಹುತೇಕ ಎಲ್ಲಕ್ಕೂ ಗೇಟಿದೆ. ಗೇಟು ಹಾಕಿಸಲು ಹಣ ಸಿಗುತ್ತದೆ. ವರ್ಷಕ್ಕೆರಡು ಬಾರಿ ಅದರ ಕೀಲು, ತಿರುಗಣೆ, ಕಂಬದ ಬುಡ ತಟ್ಟಿ ನೋಡಿ ಒಂದು ಪುಸ್ತಕದಲ್ಲಿ ಸಹಿ ಹಾಕುವ ಮನುಷ್ಯನಿಗೆ ಸಿಗುವುದಿಲ್ಲ. ನಾನು ಮೇಲೆ ನಗುತ್ತಾ ಹೇಳಿದ ಕಾಮಗಾರಿ ಮತ್ತು ನಿರ್ವಹಣೆಯ ವ್ಯತ್ಯಾಸ ಕೊನೆಗೆ ಬಂದು ನಿಲ್ಲುವುದು ಇಂಥ ಕಡೆ. ಸರಪಳಿ ಇಲ್ಲದ ಉಯ್ಯಾಲೆ, ತುಕ್ಕು ಹಿಡಿದ ಜಾರುಬಂಡೆಯ ಅಂಚು, ಮುಚ್ಚಳವಿಲ್ಲದ ಸಂಪು, ತೆರೆದ ವಿದ್ಯುತ್ ಪೆಟ್ಟಿಗೆ, ಇವುಗಳಲ್ಲಿ ಯಾವುದೂ ಸಣ್ಣ ದೂರಲ್ಲ. ಕಟ್ಟಿದವರೇ ಕಾಯುವುದಿಲ್ಲ ಎಂದಾದರೆ, ಕಟ್ಟದೆ ಬಿಟ್ಟ ಬರೀ ಮಣ್ಣೇ ಮಕ್ಕಳಿಗೆ ಹೆಚ್ಚು ಸುರಕ್ಷಿತ. ಮಣ್ಣು ಯಾರ ಮೇಲೂ ಕಳಚಿ ಬೀಳುವುದಿಲ್ಲ.

ಆದ್ದರಿಂದ ಮುಂದಿನ ನವೀಕರಣಕ್ಕೆಂದು ನನ್ನದೊಂದು ಅಂದಾಜು ಪಟ್ಟಿಯನ್ನು ಲಗತ್ತಿಸುತ್ತಿದ್ದೇನೆ. ಮೊತ್ತ ಸಣ್ಣದಾದ್ದರಿಂದ ತಮಗೆ ಬೇಸರವಾಗಬಹುದು, ಕ್ಷಮೆ ಇರಲಿ.

ಒಂದು: ಇರುವ ಗೇಟು, ಗ್ರಿಲ್, ಉಯ್ಯಾಲೆ, ಜಿಮ್ ಉಪಕರಣಗಳ ತಪಾಸಣೆ. ತಪಾಸಣೆ ಮಾಡಿದ ದಿನಾಂಕ ಮತ್ತು ಮಾಡಿದವರ ಹುದ್ದೆ ಗೇಟಿನ ಮೇಲೆಯೇ ಬರೆದಿರಬೇಕು. ಲಿಫ್ಟಿನಲ್ಲಿ ಬರೆಯುವುದಿಲ್ಲವೇ, ಹಾಗೆ.

ಎರಡು: ನಟ್ಟನಡುವಿನ ಹುಲ್ಲುಹಾಸು ಮತ್ತು ನಿಂತ ಕಾರಂಜಿಯನ್ನು ತೆಗೆದು ಮಣ್ಣು ಹಾಸುವುದು. ಇದನ್ನು ‘ಬಹೂಪಯೋಗಿ ನೈಸರ್ಗಿಕ ಕ್ರೀಡಾ ಮೇಲ್ಮೈ’ ಎಂದು ಕರೆದರೆ ಟೆಂಡರಿಗೆ ಅಡ್ಡಿಯಾಗಲಾರದು.

ಮೂರು: ಅಂಚಿನ ನಡಿಗೆ ಪಥ ಹಾಗೆಯೇ ಇರಲಿ, ಅಜ್ಜಿಯರಿಗೆ ಅದು ಬೇಕು. ಹೊಂಗೆಯ ಬುಡದ ಕಲ್ಲುಗಳನ್ನು ಮಾತ್ರ ಕೀಳಿಸಿ. ಪಥದ ನೀರು ಇಳಿಯಲು ಮಣ್ಣಿನ ಕಡೆಗೆ ಇಳಿಜಾರು ಕೊಡಿ, ರಸ್ತೆಯ ಕಡೆಗಲ್ಲ.

ನಾಲ್ಕು: ಹುಡುಗಿಯರಿಗೆ ಬೇರೆ ಮೂಲೆಯಲ್ಲ, ಬೇರೆ ಅಂಗಳ. ವಾಲಿಬಾಲ್ ಬಲೆ, ಥ್ರೋಬಾಲ್ ಗೆರೆ, ಕೂತು ಮಾತಾಡಲು ನೆರಳು ಮತ್ತು ಬಾಗಿಲಿಗೆ ಚಿಲಕವಿರುವ ಒಂದು ಶೌಚಾಲಯ.

ಐದು: ಗಾಲಿಕುರ್ಚಿ ಬರುವಷ್ಟು ಅಗಲದ ಇನ್ನೊಂದು ದಾರಿ, ಹಿಂಬದಿಯಿಂದ. ಬೀಗ ಒಂದೇ ಇದ್ದರೆ ಇಡೀ ಮೈದಾನ ಬೀಗದವನ ಕೈಯಲ್ಲಿರುತ್ತದೆ.

ಆರು: ನಾಲ್ಕು ನಿಷೇಧ ಫಲಕಗಳ ಬದಲು ಒಂದು ಫಲಕ. ಅದರಲ್ಲಿ ತೆರೆಯುವ ಹೊತ್ತು, ಮುಚ್ಚುವ ಹೊತ್ತು, ದೂರು ಹೇಳುವ ಫೋನ್ ಸಂಖ್ಯೆ. ಸಂಖ್ಯೆಗೆ ಕರೆ ಮಾಡಿದರೆ ಯಾರಾದರೂ ಎತ್ತಬೇಕು.

ಏಳು: ಒಬ್ಬ ಮನುಷ್ಯ. ಪೊರಕೆ, ಸ್ಪ್ಯಾನರ್, ಎಣ್ಣೆಡಬ್ಬಿ ಇಟ್ಟುಕೊಂಡು, ಪ್ರತಿ ತಿಂಗಳು ಸಮಯಕ್ಕೆ ಸರಿಯಾಗಿ ಸಂಬಳ ಪಡೆಯುವ ಒಬ್ಬ ಮನುಷ್ಯ. ಪಟ್ಟಿಯಲ್ಲಿ ಹಣದ ಅಭಾವವಿದ್ದರೆ ಮೊದಲ ಆರನ್ನೂ ಬಿಟ್ಟು ಇವನೊಬ್ಬನನ್ನು ಉಳಿಸಿಕೊಳ್ಳಿ. ಇವನು ಆರು ತಿಂಗಳು ಅಲ್ಲಿದ್ದರೆ ಉಳಿದದ್ದು ಏನು ಬೇಕೆಂದು ಇವನೇ ಹೇಳುತ್ತಾನೆ. ಸಮಾಲೋಚಕರ ಶುಲ್ಕವೂ ಉಳಿಯುತ್ತದೆ.

ಗ್ರಾನೈಟ್ ಫಲಕದ ಬಗ್ಗೆ ಆತಂಕ ಬೇಡ. ಅದು ಅಲ್ಲೇ ಇರಲಿ. ಅದರ ಮೇಲೆ ಎಲ್ಲ ಗಣ್ಯರ ಹೆಸರುಗಳೂ ಇವೆ. ಕೆಳಗೆ ನಾಲ್ಕು ಬೆರಳಷ್ಟು ಜಾಗ ಉಳಿದಿದೆ, ಈ ಏಳನೆಯವನ ಹೆಸರಿಗೆ ಸಾಕು.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ತೆರಿಗೆ ಬಾಕಿ ಇಲ್ಲದ ನಿವಾಸಿ.

ಪ್ರತಿಗಳು, ಮಾಹಿತಿಗಾಗಿ ಮತ್ತು ಅಗತ್ಯ ಕ್ರಮಕ್ಕಾಗಿ:

1. ಸಂಚಾರ ಪೊಲೀಸರಿಗೆ: ನವೀಕರಣದ ನಂತರ ಕ್ರಿಕೆಟ್ ಆರನೇ ಅಡ್ಡರಸ್ತೆಗೆ ಸ್ಥಳಾಂತರಗೊಂಡಿದೆ. ಸಂಜೆ ಐದರಿಂದ ಏಳರವರೆಗೆ ವಾಹನಗಳು ಓವರ್ ಮುಗಿಯುವವರೆಗೆ ಕಾಯಬೇಕಾಗಿ ಬರುತ್ತದೆ.

2. ವಿದ್ಯುತ್ ಕಂಪನಿಗೆ: ಸದರಿ ರಸ್ತೆಯ ಟ್ರಾನ್ಸ್‌ಫಾರ್ಮರ್ ಈಗ ಮಿಡ್‌ವಿಕೆಟ್ ಸ್ಥಾನದಲ್ಲಿದೆ. ಅದರ ಬೇಲಿಯ ಬಾಗಿಲು ಮುಚ್ಚಿಸಿ. ಇದು ತಮಾಷೆಯಲ್ಲ.

3. ಗುತ್ತಿಗೆದಾರರಿಗೆ: ದೋಷ ಸರಿಪಡಿಸುವ ಹೊಣೆಯ ಅವಧಿ ಮುಗಿಯುವ ಮೊದಲು ಒಮ್ಮೆ ಬಂದು ಉಯ್ಯಾಲೆಯಲ್ಲಿ ಕೂತು ನೋಡಿ.

4. ವಾರ್ಡಿನ ಕಾರ್ಪೊರೇಟರಿಗೆ, ಯಾರೇ ಆಗಲಿ, ಎಂದೇ ಆಗಲಿ: ಬೆಳಿಗ್ಗೆ ಏಳಕ್ಕೆ ಬರುತ್ತೇವೆ. ಕಾಫಿ ಬೇಡ.

5. ಆರನೇ ಅಡ್ಡರಸ್ತೆಯ ಮಕ್ಕಳಿಗೆ: ಬೆಂಗಳೂರಿನ ಮಕ್ಕಳಾದ್ದರಿಂದ ನಿಮ್ಮಲ್ಲಿ ಅರ್ಧ ಜನ ಹೇಗೂ ಎಂಜಿನಿಯರ್ ಆಗುತ್ತೀರಿ. ಯಾವತ್ತಾದರೂ ಒಂದು ಖಾಲಿ ಜಾಗದ ಫೈಲು ನಿಮ್ಮ ಮೇಜಿಗೆ ಬಂದರೆ, ಪೆನ್ನು ತೆಗೆಯುವ ಮೊದಲು ಸಂಜೆ ಐದಕ್ಕೆ ಅಲ್ಲಿಗೆ ಹೋಗಿ ಯಾರು ಯಾರು ಆಡುತ್ತಿದ್ದಾರೆಂದು ನೋಡಿ ಬನ್ನಿ. ಈ ಪತ್ರದ ಪ್ರತಿಯನ್ನು ಅಲ್ಲಿಯವರೆಗೆ ಇಟ್ಟುಕೊಂಡಿರಿ.